ಮಂಗಳೂರಿಂದ ಕಾರವಾರಕ್ಕೆ ಕಾರಲ್ಲಿ: ದಾರಿಯಲ್ಲಿ ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಹೇಗೆ ಕೇಳಬೇಕು

ಕರಾವಳಿಗೆ ಕಾರು ತಗೊಂಡು ಹೊರಡುವವರು ಬೀಚು, ದೇವಸ್ಥಾನ, ರೂಮು ಎಲ್ಲ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಊಟದ ವಿಷಯಕ್ಕೆ ಬಂದರೆ ಮಾತ್ರ "ದಾರೀಲಿ ಎಲ್ಲಾದ್ರೂ ನೋಡೋಣ ಬಿಡು". ಆಮೇಲೆ ಏನಾಗುತ್ತದೆ ಗೊತ್ತಲ್ಲ? ಮಧ್ಯಾಹ್ನ ಮೂರೂವರೆಗೆ ಹೊಟ್ಟೆ ಚುರುಗುಟ್ಟಿ, ದೊಡ್ಡ ಪಾರ್ಕಿಂಗ್ ಕಂಡ ಹೋಟೆಲಿಗೆ ನುಗ್ಗಿ, ಬಟರ್ ನಾನ್ ಮತ್ತು ಗೋಬಿ ಮಂಚೂರಿ ತಿಂದು, ಪಕ್ಕದಲ್ಲೇ ಸಮುದ್ರ ಇದ್ದರೂ ಮೀನಿನ ಮುಖ ನೋಡದೆ ವಾಪಸ್ ಬರುತ್ತಾರೆ. ನಾನು ತುಮಕೂರು ಕಡೆಯವನು, ಮೊದಲ ಸಲ ನಾನೂ ಇದನ್ನೇ ಮಾಡಿದ್ದೆ. ಆಮೇಲೆ ಕುಂದಾಪುರದ ಹುಡುಗಿಯನ್ನು ಮದುವೆಯಾದೆ. ವರ್ಷಕ್ಕೆ ಎರಡು ಮೂರು ಸಲ ಈ ದಾರಿ ಓಡಾಡಿ, ಭಾವನ ಹತ್ತಿರ ಬೈಸಿಕೊಂಡು ಒಂದಿಷ್ಟು ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಾರಿ ಗೊಂದಲ ಏನಿಲ್ಲ. ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಈಗಲೂ 17. ಮಂಗಳೂರಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಸುಮ್ನೆ ಓಡಿಸಿದರೆ ಒಂದೇ ದಿನಕ್ಕೆ ಮುಗಿಯುತ್ತದೆ, ತಿನ್ನುತ್ತಾ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಳ್ಳಿ.

ಒಂದನೇ ಕೆಲಸ: ಕ್ಯಾಲೆಂಡರ್ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಅದಕ್ಕೆ ನಿಷೇಧ. ಆ ಎರಡು ತಿಂಗಳಲ್ಲಿ ಹೋಗಿ "ದೊಡ್ಡ ಅಂಜಲ್ ತವಾ ಫ್ರೈ ಕೊಡಿ" (ಅಂಜಲ್ ಅಂದರೆ ಕಿಂಗ್‌ಫಿಶ್) ಅಂದರೆ ಸಿಗುವುದು ಬಹುಪಾಲು ಐಸಿನಲ್ಲಿಟ್ಟ ಮೀನು, ಅದಕ್ಕೆ ರೇಟೂ ಜಾಸ್ತಿ. ನಾಡದೋಣಿಯವರು ಹಿಡಿದ ಸಣ್ಣ ಮೀನು, ಹೊಳೆ ಮೀನು, ಏಡಿ ಸಿಕ್ಕಿದರೆ ಅದನ್ನು ತಿನ್ನಿ. ಇಲ್ಲದಿದ್ದರೆ ಮಳೆಗಾಲದ ಊಟಕ್ಕೇ ಮನಸ್ಸು ಮಾಡಿ. ಕೆಸುವಿನ ಎಲೆಯ ಪತ್ರೊಡೆ, ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ. ಹೊರಗೆ ಮಳೆ ಹೊಯ್ಯುತ್ತಿರುವಾಗ ಬಿಸಿ ಗಂಜಿಗೆ ಒಣ ಸಿಗಡಿ ಚಟ್ನಿ ನೆಂಚಿಕೊಂಡರೆ ತಾಜಾ ಮೀನು ನೆನಪಿಗೇ ಬರುವುದಿಲ್ಲ.

ಸೋಮವಾರ, ಸಂಕ್ರಮಣ, ಚೌತಿ, ನವರಾತ್ರಿ ದಿನಗಳಲ್ಲಿ ಇಲ್ಲಿ ಬಹಳ ಮನೆಗಳಲ್ಲಿ ಮೀನು ಮಾಡುವುದಿಲ್ಲ, ಹಾಗಾಗಿ ಸಣ್ಣ ಹೋಟೆಲುಗಳೂ ಅವತ್ತು ಕಡಿಮೆ ಮೀನು ತರುತ್ತವೆ. ಕೆಲವು ಬಾಗಿಲೇ ತೆರೆಯುವುದಿಲ್ಲ. ಆ ದಿನಕ್ಕೆ ಉಡುಪಿ ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ.

ಮಳೆಗಾಲದ ವಿಷಯದಲ್ಲಿ ಇನ್ನೊಂದು, ಇದು ರುಚಿಯ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದಂಗಡಿಯೂ ಅಲ್ಲಿದ್ದವರೂ ಕೊಚ್ಚಿಹೋದರು. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ, ಜೋರು ಮಳೆಯಲ್ಲಿ, ಚಹಾಕ್ಕೂ ಗಾಡಿ ನಿಲ್ಲಿಸಬೇಡಿ. ಊರು ಬರುವವರೆಗೆ ತಡೆದುಕೊಳ್ಳಿ.

ಎರಡನೇದು: ಗಡಿಯಾರ

ಈ ದಾರಿಯಲ್ಲಿ ಜನ ಎಡವುವುದು ಇಲ್ಲೇ. ಸಸ್ಯಾಹಾರಿ ಹೋಟೆಲುಗಳು ಬೆಳಿಗ್ಗೆ ಬೇಗ ಶುರು. ಮೀನೂಟದ ಹೋಟೆಲುಗಳು ಹನ್ನೆರಡರ ಆಸುಪಾಸು ತೆರೆಯುತ್ತವೆ, ಒಂದೂವರೆಗೆ ತುಂಬಿ ತುಳುಕುತ್ತವೆ, ಎರಡೂವರೆಗೆ ಒಳ್ಳೆಯ ಮೀನೆಲ್ಲ ಖಾಲಿ. ಮೂರರ ಮೇಲೆ ಹೋದರೆ ಮಾಲೀಕರು ತಾವೇ ಊಟಕ್ಕೆ ಕೂತಿರುತ್ತಾರೆ. ಸಂಜೆ ನಾಲ್ಕಕ್ಕೆ ಮತ್ತೆ ಗೋಳಿಬಜೆ, ಬನ್ಸ್, ಚಾ. ರಾತ್ರಿ ತೆರೆಯುವುದು ಹೆಚ್ಚಾಗಿ ದೊಡ್ಡ ಹೋಟೆಲು ಮತ್ತು ಬಾರು. ಅಂದರೆ ದಿನದ ದೊಡ್ಡ ಊಟ ಮಧ್ಯಾಹ್ನದ್ದೇ ಆಗಬೇಕು, ಹನ್ನೆರಡೂವರೆಗೆ ನೀವು ಮೇಜಿನ ಮುಂದಿರಬೇಕು. ಬೀಚು ಎಲ್ಲಿಗೂ ಓಡಿಹೋಗುವುದಿಲ್ಲ, ಊಟ ಆದ ಮೇಲೆ ನೋಡಬಹುದು.

ಬೆಳಗಿನ ತಿಂಡಿ ಹೊಟ್ಟೆ ಬಿರಿಯುವ ಹಾಗೆ ತಿನ್ನಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ನಾನು ಮಾತ್ರ ಪಾಲಿಸುವುದಿಲ್ಲ. ಮಂಗಳೂರಿನಲ್ಲಿ ಸಜ್ಜಿಗೆ ಬಜಿಲ್ ಸಿಕ್ಕರೆ (ಉಪ್ಪಿಟ್ಟು ಮತ್ತು ಒಗ್ಗರಣೆ ಅವಲಕ್ಕಿ ಸೇರಿಸಿ ತಿನ್ನುವುದು, ಕೇಳಲಿಕ್ಕೆ ವಿಚಿತ್ರ, ತಿಂದರೆ ಅಭ್ಯಾಸವಾಗುತ್ತದೆ) ಹೇಗೆ ಬಿಡುವುದು?

ಮೂರನೇದು: ಹೆದ್ದಾರಿಯಿಂದ ಇಳಿಯಿರಿ

ಹೆದ್ದಾರಿ ಅಗಲವಾದ ಮೇಲೆ ಊರುಗಳು ಪಕ್ಕಕ್ಕೆ ಸರಿದುಬಿಟ್ಟಿವೆ. ಕುಂದಾಪುರದಲ್ಲಿ ಫ್ಲೈಓವರ್ ಹತ್ತಿದಿರೋ, ಊರು ಬಂದಿದ್ದೂ ಗೊತ್ತಾಗುವುದಿಲ್ಲ ಹೋಗಿದ್ದೂ ಗೊತ್ತಾಗುವುದಿಲ್ಲ. ಊರು ಹತ್ತಿರ ಬಂದ ಹಾಗೆ ಸರ್ವೀಸ್ ರಸ್ತೆ ಹಿಡಿದು ಒಳಗೆ ಹೋಗಿ. ಬಸ್‌ಸ್ಟ್ಯಾಂಡು, ಮೀನು ಮಾರ್ಕೆಟ್ಟು, ತಾಲೂಕು ಆಫೀಸು, ಬ್ಯಾಂಕು ಇವುಗಳ ಸುತ್ತಮುತ್ತ ನಡೆಯುವ ಹೋಟೆಲಿಗೆ ದಿನಾ ಬರುವ ಗಿರಾಕಿ ಇರುತ್ತಾರೆ. ಒಂದು ದಿನ ಸಾರು ಕೆಟ್ಟರೆ ಮರುದಿನ ಅವರೇ ಕೇಳುತ್ತಾರೆ. ಹೆದ್ದಾರಿ ಬದಿಯ ದೊಡ್ಡ ಹೋಟೆಲಿಗೆ ಆ ಹೆದರಿಕೆ ಇಲ್ಲ. ನೀವು ಮತ್ತೆ ಬರುವುದಿಲ್ಲ ಅಂತ ಅವರಿಗೆ ಗೊತ್ತು.

ಬೋರ್ಡಿನಲ್ಲಿ "ಲಂಚ್ ಹೋಮ್" ಅಂತಲೋ "ಮೀನು ಊಟ" ಅಂತಲೋ ಇದ್ದರೆ ಒಳ್ಳೆಯ ಲಕ್ಷಣ. ಉತ್ತರ ಭಾರತ, ಚೈನೀಸ್, ತಂದೂರಿ, ಕರಾವಳಿ ನಾಲ್ಕೂ ಒಂದೇ ಬೋರ್ಡಿನಲ್ಲಿದ್ದರೆ ಮುಂದೆ ಹೋಗಿ. ಬಾರ್ ಅಂಡ್ ರೆಸ್ಟೋರೆಂಟ್ ಅಂತ ಇದ್ದ ಕೂಡಲೇ ಮೂಗು ಮುರಿಯಬೇಡಿ, ಕೆಲವು ಕಡೆ ಮೀನು ಬಹಳ ಚೆನ್ನಾಗಿರುತ್ತದೆ. ಮಕ್ಕಳು ಮರಿ ಇದ್ದರೆ "ಫ್ಯಾಮಿಲಿ ರೂಮ್ ಉಂಟಾ?" ಅಂತ ಕೇಳಿ ಒಳಗೆ ಹೋಗಿ.

ನಾಲ್ಕನೇದು: ಮೆನು ಮುಚ್ಚಿಟ್ಟು ಬಾಯಿ ಬಿಟ್ಟು ಕೇಳಿ

"ಅಣ್ಣ, ಇವತ್ತು ಎಂತ ಮೀನುಂಟು?" ಇದೊಂದು ವಾಕ್ಯ ಸಾಕು. ಮೆನು ಕಾರ್ಡಿನಲ್ಲಿ ಬರೆದ ಮೂವತ್ತು ಮೀನಿನಲ್ಲಿ ಅವತ್ತು ಇರುವುದು ಆರೋ ಏಳೋ. ಕೇಳಿದ ಕೂಡಲೇ ಒಳ್ಳೆಯ ಹೋಟೆಲಿನವರು ಮಸಾಲೆ ಹಚ್ಚಿದ ಮೀನುಗಳ ತಟ್ಟೆಯನ್ನೇ ತಂದು ಮುಂದೆ ಹಿಡಿಯುತ್ತಾರೆ, ಬೆರಳು ತೋರಿಸಿದರೆ ಆಯಿತು.

ತೊಂದರೆ ಇರುವುದು ಹೆಸರಲ್ಲಿ. ಈ 270 ಕಿ.ಮೀ.ನಲ್ಲಿ ತುಳು, ಕುಂದಗನ್ನಡ, ಭಟ್ಕಳದ ನವಾಯತ ಮುಸ್ಲಿಮರ ನವಾಯತಿ, ಹವ್ಯಕ ಕನ್ನಡ, ಕೊಂಕಣಿ ಎಲ್ಲ ಬರುತ್ತವೆ, ಮಾತು ಬದಲಾದ ಹಾಗೆ ಮೀನಿನ ಹೆಸರೂ ಬದಲಾಗುತ್ತದೆ. ಮಂಗಳೂರಿನ ಬೂತಾಯಿ (ಸಾರ್ಡೀನ್) ಕುಂದಾಪುರದಲ್ಲಿ ಬೈಗೆ, ಕಾರವಾರ ಕಡೆ ತಾರ್ಲೆ. ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಕುಂದಾಪುರದಲ್ಲಿ ಚಟ್ಲಿ, ಕೊಂಕಣಿಯಲ್ಲಿ ಸುಂಗ್ಟ. ಚಿಪ್ಪಿನ ಮರ್ವಾಯಿ ಕಾರವಾರಕ್ಕೆ ಹೋದರೆ ತಿಸ್ರ್ಯೊ. ಏಡಿ ತುಳುವಿನಲ್ಲಿ ಡೆಂಜಿ. ಬಂಗುಡೆ ಮಾತ್ರ ಒಳ್ಳೆಯದು, ಬಂಗ್ಡೆ, ಬಾಂಗಡೊ ಅಂತ ಸ್ವಲ್ಪ ಸ್ವಲ್ಪ ತಿರುಗಿ ಎಲ್ಲ ಕಡೆ ಗುರುತು ಸಿಗುತ್ತದೆ.

ಕುಂದಾಪುರದಲ್ಲಿ ನಾನು ಮೊದಲ ಸಲ ಮೀನು ಕೇಳಿದಾಗ ಸಪ್ಲೈಯರ್ "ಬಂಗ್ಡೆ ಇತ್ತ್, ಕಾಣೆ ಇತ್ತ್, ಚಟ್ಲಿ ಇತ್ತ್" ಅಂದರು. ನಾನು "ಅಯ್ಯೋ, ಎಲ್ಲಾ ಖಾಲಿನಾ? ಹೋಗ್ಲಿ, ಒಂದು ಆಮ್ಲೆಟ್ ಕೊಡಿ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕಿದ್ದು ಇವತ್ತಿಗೂ ನಿಂತಿಲ್ಲ. ಅಲ್ಲಿ "ಇತ್ತ್" ಅಂದರೆ ಇದೆ ಅಂತ, ಮಾರಾಯ್ರೆ.

ಮೀನಾದ ಮೇಲೆ ಮಾಡುವ ಬಗೆ ಹೇಳಬೇಕು. ತವಾ ಅಥವಾ ಮಸಾಲಾ ಫ್ರೈ ಅಂದರೆ ಬ್ಯಾಡಗಿ ಮೆಣಸಿನ ಮಸಾಲೆ ಹಚ್ಚಿ ಕಾವಲಿಯಲ್ಲಿ ಬೇಯಿಸಿದ್ದು. ರವಾ ಫ್ರೈ ಗರಿಗರಿ, ಖಾರ ಕಡಿಮೆ, ಮಕ್ಕಳಿಗೆ ಆಗುತ್ತದೆ. ಗಸಿ ಅಂದರೆ ತೆಂಗಿನಕಾಯಿ ಅರೆದ ಮಂದ ಸಾರು. ಸುಕ್ಕ ಒಣಗಿನದು, ಕಾಯಿತುರಿ ಜಾಸ್ತಿ, ಮರ್ವಾಯಿ ಸುಕ್ಕ ತಿನ್ನದೆ ಮಂಗಳೂರು ಬಿಡಬೇಡಿ. ಪುಳಿಮುಂಚಿ ಅಂದರೆ ಹೆಸರೇ ಹೇಳುವ ಹಾಗೆ ಹುಳಿ ಮತ್ತು ಮೆಣಸು, ಬೂತಾಯಿಗೆ ಅದಕ್ಕಿಂತ ಒಳ್ಳೆಯ ಗತಿ ಇಲ್ಲ. ಘೀ ರೋಸ್ಟ್ ಕುಂದಾಪುರದ್ದು, ಅಲ್ಲಿನ ಶೆಟ್ಟಿ ಲಂಚ್ ಹೋಮ್ ಕೋಳಿ ಘೀ ರೋಸ್ಟಿಗೆ ಹೆಸರುವಾಸಿ, ಹುಟ್ಟಿದ್ದೇ ಅಲ್ಲಿ ಅಂತ ಊರಿನವರ ಮಾತು. ಈಗ ಪನೀರಿನಿಂದ ಹಿಡಿದು ಅಣಬೆವರೆಗೆ ಎಲ್ಲದಕ್ಕೂ ಘೀ ರೋಸ್ಟ್ ಮಾಡುತ್ತಾರೆ, ನನಗೇನೋ ಕೋಳಿಯೇ ಸರಿ.

ಮುಳ್ಳು ಬಿಡಿಸಿ ಅಭ್ಯಾಸ ಇಲ್ಲದ ಬಯಲುಸೀಮೆಯವರು ಅಂಜಲಿನಿಂದ ಶುರು ಮಾಡಿ. ತುಂಡಿನ ನಡುವೆ ದೊಡ್ಡ ಮುಳ್ಳು, ಬಿಡಿಸುವುದು ಸುಲಭ. ಆಮೇಲೆ ಕಾಣೆ (ಲೇಡಿಫಿಶ್). ಅದರ ಮಾಂಸ ಮೆತ್ತಗೆ, ನಡುಮುಳ್ಳು ಎಳೆದರೆ ಹಾಗೇ ಬರುತ್ತದೆ. ಬಂಗುಡೆ ಮೂರನೆಯದು. ಬೂತಾಯಿಯ ಸಣ್ಣ ಮುಳ್ಳು ಧೈರ್ಯ ಬಂದ ಮೇಲೆ. ರುಚಿಯಲ್ಲಿ ಮಾತ್ರ ಈ ಸಾಲು ತಿರುಗಾಮುರುಗಾ ಅಂತ ಭಾವ ವಾದ ಮಾಡುತ್ತಾನೆ, ಅವನು ಹೇಳುವುದು ನಿಜ ಅಂತ ಈಗೀಗ ನನಗೂ ಅನಿಸುತ್ತದೆ. ದುಬಾರಿ ಮೀನು ಹೋಟೆಲಿಗೆ ಲಾಭ, ಅಗ್ಗದ ಮೀನು ನಾಲಿಗೆಗೆ ಲಾಭ.

ಅನ್ನ ಬಡಿಸುವ ಮುಂಚೆ "ಕುಚ್ಚಲಾ, ಬೆಳ್ತಿಗೆಯಾ?" ಅಂತ ಕೇಳುತ್ತಾರೆ. ಬೆಳ್ತಿಗೆ ಅಂದರೆ ನಮ್ಮ ಬಿಳಿ ಅನ್ನ. ಕುಚ್ಚಲಕ್ಕಿ ಕೆಂಪಗೆ, ದಪ್ಪ, ಬೇಗ ಹೊಟ್ಟೆ ತುಂಬುತ್ತದೆ. ಮೀನು ಸಾರಿಗೆ ಅದೇ ಜೋಡಿ, ಒಂದು ಸಲವಾದರೂ ಕುಚ್ಚಲು ಹಾಕಿಸಿಕೊಳ್ಳಿ.

ಐದನೇದು: ಬೆಂಕಿಗೆ ಹಾಕುವ ಮುಂಚೆ ರೇಟು

ಮೀನೂಟ ಅಂದರೆ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ ಅಥವಾ ಸಾರು. ಅದರ ಬೆಲೆ ಹೆಚ್ಚಿರುವುದಿಲ್ಲ. ಫ್ರೈ ಬೇರೆ ಲೆಕ್ಕ. ಪಾಂಪ್ಲೆಟ್, ಅಂಜಲ್, ಏಡಿ, ದೊಡ್ಡ ಸಿಗಡಿಗೆ ಮೆನುವಿನಲ್ಲಿ ಬೆಲೆ ಬರೆಯುವುದಿಲ್ಲ, ಸೈಜಿನ ಮೇಲೆ ಅಂತ ಇರುತ್ತದೆ. ಅಲ್ಲಿ ನಾಚಿಕೊಂಡರೆ ಕೆಟ್ಟಿರಿ. ಒಂದು ಪ್ರವಾಸಿ ಬೀಚಿನ ಹತ್ತಿರ, ಹೋಟೆಲಿನ ಹೆಸರು ಬೇಡ, ತಟ್ಟೆಯಲ್ಲಿದ್ದ ಪಾಂಪ್ಲೆಟ್ಟಿನ ಹೊಳಪು ನೋಡಿ "ಇದೇ ಇರಲಿ" ಅಂತ ದೊಡ್ಡ ಮನುಷ್ಯನ ಹಾಗೆ ಬೆರಳು ತೋರಿಸಿದೆ. ಬಿಲ್ಲಿನಲ್ಲಿ ಅದೊಂದಕ್ಕೇ 1100 ರೂಪಾಯಿ. ಜಗಳ ಆಡಲು ಬಾಯಿಯೇ ಇಲ್ಲ, ಆರಿಸಿದ್ದು ನಾನೇ ಅಲ್ವಾ. ಅವತ್ತಿನಿಂದ "ಇದಕ್ಕೆ ಎಷ್ಟಾಗ್ತದೆ?" ಅಂತ ಕೇಳಿದ ಮೇಲೇ ಹೂಂ ಅನ್ನುವುದು. ಸ್ಥಳೀಯರೂ ಕೇಳುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯುಪಿಐ ಎಲ್ಲ ಕಡೆ ನಡೆಯುತ್ತದೆ. ನೆಟ್‌ವರ್ಕ್ ಕೈಕೊಡುವ ಜಾಗಗಳಿಗೆ ಐನೂರು ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ ಸಾಕು.

ಆರನೇದು: ಊರಿಗೆ ತಕ್ಕ ಊಟ

ಮಂಗಳೂರಿನಲ್ಲಿ ಕೋರಿ ರೊಟ್ಟಿ. ಒಣ ಅಕ್ಕಿ ರೊಟ್ಟಿಯನ್ನು ಪುಡಿ ಮಾಡಿ, ಮೇಲೆ ಬಿಸಿ ಕೋಳಿ ಗಸಿ ಸುರಿದು, ಪೂರ್ತಿ ಮೆತ್ತಗಾಗುವ ಮುಂಚೆ ತಿನ್ನಬೇಕು. ಫೋಟೋ ತೆಗೆಯುತ್ತಾ ಕೂತರೆ ಗಂಜಿಯಾಗುತ್ತದೆ. ಊಟದ ಮೇಲೆ ಐಸ್ ಕ್ರೀಮ್. 1975ರಲ್ಲಿ ಶುರುವಾದ ಐಡಿಯಲ್ ಈ ಊರಿನದ್ದೇ, ಅವರ ಪಬ್ಬಾಸ್‌ನಲ್ಲಿ ಸಂಜೆ ಜಾಗ ಸಿಗುವುದೇ ಕಷ್ಟ. ಗಡ್‌ಬಡ್ ಮೊದಲು ಮಾಡಿದ್ದು ಮಂಗಳೂರೋ ಉಡುಪಿಯೋ ಅನ್ನುವ ಜಗಳಕ್ಕೆ ಹೋಗಬೇಡಿ, ಎರಡೂ ಕಡೆ ತಿನ್ನಿ.

ಉಡುಪಿಯಲ್ಲಿ ಮೀನು ತಿನ್ನುವುದಾದರೆ ಮಲ್ಪೆ ಕಡೆಗೆ. ಅಲ್ಲಿ ಬಂದರೇ ಇದೆ. ರಥಬೀದಿಯಲ್ಲಿದ್ದರೆ ಸಸ್ಯಾಹಾರ. ಮಿತ್ರ ಸಮಾಜದಲ್ಲಿ ಬನ್ಸ್, ಗೋಳಿಬಜೆ, ಕಾಫಿ. ಮಧ್ಯಾಹ್ನ ಕೃಷ್ಣಮಠದಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಪ್ರಸಾದದ ಊಟ. ಬಡಿಸುವ ವೇಗಕ್ಕೆ ನೀವು ಹೊಂದಿಕೊಳ್ಳಬೇಕು, ಸಾರು ಬರುವಷ್ಟರಲ್ಲಿ ಅನ್ನಕ್ಕೆ ಗುಳಿ ಮಾಡಿಟ್ಟಿರಿ. ಚಳಿಗಾಲದಲ್ಲಿ ಹೋದರೆ ಮಟ್ಟು ಗುಳ್ಳದ ಹುಳಿ ಕೇಳಿ. ಮಟ್ಟು ಗ್ರಾಮದ ಹಸಿರು ಗುಂಡು ಬದನೆ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ವಾದಿರಾಜರು ಬೀಜ ಕೊಟ್ಟರು ಅನ್ನುವ ಕಥೆಯೂ ಉಂಟು. ಬೆಂದರೆ ಬೆಣ್ಣೆ.

ಉಡುಪಿಯಿಂದ ಕುಂದಾಪುರಕ್ಕೆ ಹೋಗುವಾಗ ಕೋಟ, ಸಾಲಿಗ್ರಾಮ ಸಿಗುತ್ತದೆ. ಬೆಂಗಳೂರಿನ ಎಂಟಿಆರ್ ಕಟ್ಟಿದ ಮಯ್ಯ ಸಹೋದರರು ಇಲ್ಲೇ ಪಾರಂಪಳ್ಳಿಯವರು. ಲಾಲ್‌ಬಾಗ್ ಹತ್ತಿರ ಕ್ಯೂ ನಿಲ್ಲುವ ನಮಗೆ ಇದೊಂದು ಥರ ತವರುಮನೆ. ಕುಂದಾಪುರದ ಬಗ್ಗೆ ನಾನು ಹೇಳುವುದೆಲ್ಲ ಪಕ್ಷಪಾತ. ಅಲ್ಲಿನ ಕೋಳಿ ಸಾರಿಗೆ ಕಡುಬು ಅಥವಾ ನೀರ್ ದೋಸೆ, ಇಷ್ಟೇ ಹೇಳಿ ಸುಮ್ಮನಾಗುತ್ತೇನೆ, ಅತ್ತೆ ಓದಿದರೆ ಹೋಟೆಲಿನದ್ದು ಹೊಗಳಿದ್ದಕ್ಕೆ ಕೋಪ ಮಾಡಿಕೊಳ್ಳುತ್ತಾರೆ.

ಮರವಂತೆ ದಾಟಿ, ಬೈಂದೂರು ದಾಟಿ ಶಿರೂರು ಬಂತು ಅಂದರೆ ಊಟದ ಗಡಿ ದಾಟಿದಿರಿ ಅಂತ ಲೆಕ್ಕ. (ಇದು ಬೈಂದೂರಿನ ಶಿರೂರು, ಮೇಲೆ ಹೇಳಿದ್ದು ಅಂಕೋಲಾದ್ದು.) ಈಚೆ ಮದ್ರಾಸ್ ಪ್ರಾಂತ್ಯವಾಗಿತ್ತು, ಆಚೆ ಉತ್ತರ ಕನ್ನಡ 1956ರವರೆಗೆ ಬೊಂಬಾಯಿಗೆ ಸೇರಿತ್ತು. ಅದು ಈಗಲೂ ತಿಂಡಿ ತಟ್ಟೆಯಲ್ಲಿ ಕಾಣುತ್ತದೆ. ಉಡುಪಿಯಲ್ಲಿ ಬನ್ಸಿಗೆ ಚಟ್ನಿ ಕೊಟ್ಟರೆ ಕುಮಟಾದಲ್ಲಿ ಬಾಜಿ ಬರುತ್ತದೆ, ಮಿಸಳ್ ಶುರುವಾಗುತ್ತದೆ.

ಭಟ್ಕಳದಲ್ಲಿ ಮೀನು ಪಕ್ಕಕ್ಕಿಟ್ಟು ಬಿರಿಯಾನಿ. ನವಾಯತರ ಬಿರಿಯಾನಿಯಲ್ಲಿ ಮಸಾಲೆ ಬೇರೆ, ಅನ್ನ ಬೇರೆ ಬೇಯಿಸಿ ಆಮೇಲೆ ಸೇರಿಸುತ್ತಾರೆ, ಈರುಳ್ಳಿ ಧಾರಾಳ, ಅನ್ನ ಬೆಳ್ಳಗೆ ಹಗುರ. ಖಾರಕ್ಕೆ ಹೆದರುವವರಿಗೆ ಈ ದಾರಿಯಲ್ಲಿ ಇದಕ್ಕಿಂತ ಸೌಮ್ಯವಾದ ಮಾಂಸದೂಟ ಇಲ್ಲ. ಅನ್ನದ ಬದಲು ಶಾವಿಗೆಯಲ್ಲಿ ಮಾಡಿದ ಬಿರಿಯಾನಿಯೂ ಇವರಲ್ಲಿದೆ, ಕಂಡರೆ ಬಿಡಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೂ ರಂಜಾನ್ ತಿಂಗಳ ಹಗಲಿಗೂ ಇಲ್ಲಿ ಬಾಗಿಲು ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ಹೋಗಿ.

ಮುರುಡೇಶ್ವರ, ಗೋಕರ್ಣ ಎರಡರಲ್ಲೂ ಊಟಕ್ಕಿಂತ ನೋಟ ಹೆಚ್ಚು. ಗೋಕರ್ಣದ ಬೀಚ್ ಶ್ಯಾಕುಗಳಲ್ಲಿ ಪಾಸ್ತಾ, ಪ್ಯಾನ್‌ಕೇಕ್ ಸಿಗುತ್ತದೆ, ಅದನ್ನು ತಿನ್ನಲು ಇಷ್ಟು ದೂರ ಯಾಕೆ ಬರಬೇಕು ಹೇಳಿ.

ಕುಮಟಾ ಹತ್ತಿರ ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಈರುಳ್ಳಿ ಜಡೆ ಹೆಣೆದು ನೇತು ಹಾಕಿರುತ್ತಾರೆ. ಸಿಹಿ ಈರುಳ್ಳಿ, ಹಸಿಯಾಗಿ ಕಡಿದರೂ ಕಣ್ಣು ಉರಿಯುವುದಿಲ್ಲ. ಒಂದು ಜಡೆ ತಗೊಳ್ಳಿ. ಅಂಕೋಲಾದ ಇಶಾಡ ಮಾವಿನ ಹಣ್ಣೂ ಅದೇ ಕಾಲಕ್ಕೆ.

ಕಾರವಾರಕ್ಕೆ ಬಂದರೆ ಗೋವಾದ ಗಾಳಿ. ಸಾರಿನ ಬಣ್ಣ ಬದಲಾಗಿರುತ್ತದೆ, ಹುಣಸೆಯ ಜಾಗಕ್ಕೆ ಮುರುಗಲು (ಪುನರ್ಪುಳಿ, ಕೋಕಂ) ಬಂದಿರುತ್ತದೆ, ಬಂಗುಡೆ ಸಾರಿನಲ್ಲಿ ತೆಪ್ಪಲ್ ಕಾಯಿಯ ಜುಮ್ ಅನ್ನುವ ವಾಸನೆ. ಕಾಯಿ ಬಾಯಿಗೆ ಸಿಕ್ಕರೆ ಅಗಿಯಬೇಡಿ, ಪಕ್ಕಕ್ಕಿಡಿ. ಕೊನೆಗೆ ಸೋಲ್‌ಕಡಿ, ತೆಂಗಿನ ಹಾಲಿಗೆ ಮುರುಗಲು ಸೇರಿಸಿದ ಗುಲಾಬಿ ಬಣ್ಣದ ಪಾನೀಯ. ಅದನ್ನು ಅನ್ನಕ್ಕೂ ಹಾಕಿಕೊಳ್ಳಬಹುದು, ಕುಡಿಯಲೂ ಬಹುದು. ಎರಡನೇ ಲೋಟ ಕೇಳಿದರೆ ಬಹಳ ಕಡೆ ಇಲ್ಲ ಅನ್ನುವುದಿಲ್ಲ.

ಮೀನು ಮುಟ್ಟದವರ ಜೊತೆ ಹೋದರೆ

ಒಂದೇ ಕಾರಿನಲ್ಲಿ ಮೀನು ತಿನ್ನುವವರೂ ವಾಸನೆಗೇ ಆಗದವರೂ ಇದ್ದರೆ ಒಂದೇ ಹೋಟೆಲಿಗೆ ಹಠ ಮಾಡಬೇಡಿ. ಮೀನಿನ ಹೋಟೆಲಲ್ಲಿ ಸಸ್ಯಾಹಾರಿಗೆ ಸಿಗುವುದು ಅನ್ನ, ಸಾರು, ಪಾಪ, ಅಷ್ಟೇ. ಬೆಳಿಗ್ಗೆ ಸಂಜೆ ಎಲ್ಲರೂ ಒಟ್ಟಿಗೆ ಸಸ್ಯಾಹಾರಿ ಹೋಟೆಲು, ಮಧ್ಯಾಹ್ನ ಒಂದು ಗಂಟೆ ಬೇರೆ ಬೇರೆ. ಪೇಟೆಯೊಳಗೆ ಎರಡೂ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರುತ್ತವೆ. ಮಕ್ಕಳಿಗೆ ನೀರ್ ದೋಸೆ ಜೊತೆ ಕಾಯಿ ಬೆಲ್ಲ ಕೊಡಿಸಿದರೆ ಖಾರದ ರಗಳೆ ಇಲ್ಲ. ಸೆಕೆಗೆ ಪುನರ್ಪುಳಿ ಶರಬತ್ತು, ಎಳನೀರು. ಸಿಗಡಿ, ಏಡಿ, ಚಿಪ್ಪು ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಿ, ಕೆಲವರಿಗೆ ಅಲರ್ಜಿ ಆಗುತ್ತದೆ. ಘಾಟಿಯಲ್ಲಿ ವಾಪಸ್ ಹೋಗುವ ದಿನ ಅಂತೂ ಈ ಪರೀಕ್ಷೆ ಬೇಡವೇ ಬೇಡ.

ಮನೆಗೆ ಒಣಮೀನು ಒಯ್ಯುವುದಾದರೆ ಮೀನು ಮಾರ್ಕೆಟ್ಟಿನಲ್ಲಿ ಹೆಂಗಸರ ಹತ್ತಿರ ಕೊಳ್ಳಿ. ಬೆರಳಲ್ಲಿ ಒತ್ತಿದರೆ ಮೆತ್ತಗಿರಬಾರದು. ಪ್ಲಾಸ್ಟಿಕ್ ಕವರಿನಲ್ಲಿ ಡಿಕ್ಕಿಗೆ ಹಾಕಬೇಡಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ಮನೆಯಿಂದಲೇ ತನ್ನಿ. ನಾವು ಒಂದು ಸಲ ಡಬ್ಬಿ ಮರೆತೆವು. ಆ ಕಾರನ್ನು ಮಾರುವವರೆಗೂ ಎಸಿ ಹಾಕಿದಾಗೆಲ್ಲ ಮಲ್ಪೆ ನೆನಪಾಗುತ್ತಿತ್ತು.